ರಕ್ತ ಎಲ್ಲಿ ಹೋಗ್ತಿದೆ ಅಂತ ನಾವು ಕೇಳಲೇ ಇಲ್ಲ

ಅಮ್ಮ ಹಸಿ ಅಕ್ಕಿ ತಿನ್ನೋದನ್ನು ನಾನು ಮೊದಲು ನೋಡಿದ್ದು 2022ರ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ. ನಮ್ಮೂರು ತಿಪಟೂರಿನ ಹತ್ತಿರ. ಜಗುಲಿ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎರಡು ಕಲ್ಲು ತೆಗೆದು ಬಿಸಾಡೋದು, ಒಂದು ಚಿಟಿಕೆ ಅಕ್ಕಿ ಬಾಯಿಗೆ ಹಾಕಿಕೊಳ್ಳೋದು, ಕಟಕಟ ಅಗಿಯೋದು. ಅರ್ಧ ಗಂಟೆಯಲ್ಲಿ ಒಂದು ಹಿಡಿ ಅಕ್ಕಿ ಹಾಗೇ ಖಾಲಿಯಾಯ್ತು.

"ಏನಮ್ಮಾ ಇದು, ಬಸುರಿ ಹೆಂಗಸಿನ ಥರ?" ಅಂದೆ. "ಸುಮ್ನೆ ಕಣೇ, ಬಾಯಿಗೆ ರುಚಿ ಅನ್ಸುತ್ತೆ" ಅಂದಳು. ಆಗ ಅವಳಿಗೆ 61 ವರ್ಷ. ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು.

ಮೈಯಲ್ಲಿ ಕಬ್ಬಿಣದ ಅಂಶ ತೀರಾ ಇಳಿದಾಗ ಕೆಲವರಿಗೆ ಹೀಗೆ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್ ತಿನ್ನೋ ಆಸೆ ಬರುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ತುಂಬಾ ಆಮೇಲೆ. ಆವತ್ತು ನಾನು ನೋಡಿದ್ದು ಅವಳ ಬಿಳಿಚಿಕೊಂಡ ಮುಖ ಮಾತ್ರ. ಮಾರನೇ ದಿನ ಊರಿನ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಹಿಮೋಗ್ಲೋಬಿನ್ 7.4 ಬಂತು. "ಹೆಂಗಸರಿಗೆ ರಕ್ತ ಕಡಿಮೆ ಇರೋದು ಮಾಮೂಲು, ಐರನ್ ಮಾತ್ರೆ ತಗೊಳ್ಳಲಿ, ಚೆನ್ನಾಗಿ ಊಟ ಮಾಡಲಿ" ಅಂದರು. ನಮಗೂ ಸಮಾಧಾನ ಆಯ್ತು. ದೊಡ್ಡ ಕಾಯಿಲೆ ಏನಿಲ್ಲವಲ್ಲ ಅಂತ.

ಆಮೇಲೆ ಎಂಟು ತಿಂಗಳು ಅದೇ ನಡೀತು. ಬೀಟ್‌ರೂಟ್ ಪಲ್ಯ, ಖರ್ಜೂರ, ನುಗ್ಗೆಸೊಪ್ಪಿನ ಸಾರು, ಬೆಲ್ಲ ಹಾಕಿದ ರಾಗಿ ಗಂಜಿ. ಮಾತ್ರೆಯನ್ನು ಅವಳು ಬೆಳಗ್ಗೆ ಟೀ ಜೊತೆಗೇ ನುಂಗುತ್ತಿದ್ದಳು, ಟೀಯಲ್ಲಿರೋ ಒಗರು ಕಬ್ಬಿಣವನ್ನು ಹಿಡಿದಿಟ್ಟು ಹೀರಿಕೊಳ್ಳೋಕೆ ಬಿಡಲ್ಲ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾತ್ರೆ ತಗೊಂಡರೆ ಮಲ ಕಪ್ಪಗಾಗುತ್ತೆ. ಹಾಗಾಗಿ ಕಪ್ಪಗೆ ಹೋದರೂ ಅದು ಮಾತ್ರೆಯದ್ದೇ ಅಂದುಕೊಂಡೆವು. ಮಧ್ಯದಲ್ಲಿ ಒಂದು ಸಲ ಹಿಮೋಗ್ಲೋಬಿನ್ 8.1ಕ್ಕೆ ಏರಿತು, ಖುಷಿಪಟ್ಟೆವು. 2023ರ ಮೇ ತಿಂಗಳಿಗೆ 6.8ಕ್ಕೆ ಇಳಿದಿತ್ತು. ದೇವಸ್ಥಾನದ ಹನ್ನೆರಡು ಮೆಟ್ಟಿಲು ಹತ್ತೋಕೆ ಮೂರು ಸಲ ಕೂತಳು. ಆ ಎಂಟು ತಿಂಗಳು ನೆನಪಾದರೆ ನನಗೆ ಈಗಲೂ ಹೊಟ್ಟೆಯೊಳಗೆ ಉರಿಯುತ್ತೆ.

ತುಮಕೂರಿನಲ್ಲಿ ಬೇರೆ ಡಾಕ್ಟರ್ ಹತ್ತಿರ ಹೋದೆವು. ಹಳೇ ರಿಪೋರ್ಟುಗಳನ್ನೆಲ್ಲ ಅವರು ಟೇಬಲ್ ಮೇಲೆ ಸಾಲಾಗಿ ಜೋಡಿಸಿಕೊಂಡರು. "ಅಮ್ಮಾ, ಮುಟ್ಟು ನಿಂತು ಎಷ್ಟು ವರ್ಷ ಆಯ್ತು?" ಅಂತ ಕೇಳಿದರು. ಹನ್ನೊಂದು ವರ್ಷ ಅಂದಳು. ಅವರು ನನ್ನ ಕಡೆ ತಿರುಗಿ, "ಹಾಗಾದ್ರೆ ಈ ರಕ್ತ ಎಲ್ಲಿ ಹೋಗ್ತಿದೆ?" ಅಂದರು.

ಎಂಟು ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ಅವರು ಒಂದು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಆ ಚೀಟಿ ನನ್ನ ಹತ್ತಿರ ಇನ್ನೂ ಇದೆ. ದೊಡ್ಡವರ ಮೈಯಲ್ಲಿರೋ ಒಟ್ಟು ಕಬ್ಬಿಣ 3-4 ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಮೂರನೇ ಎರಡು ಭಾಗ ರಕ್ತದಲ್ಲೇ ಇರುತ್ತೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸತ್ತ ಕಣದಿಂದ ಕಬ್ಬಿಣ ತೆಗೆದು ದೇಹ ಹೊಸ ಕಣಕ್ಕೆ ಹಾಕುತ್ತೆ, ದಿನಕ್ಕೆ 20-25 ಮಿಲಿಗ್ರಾಂ ಹೀಗೆ ತಿರುಗುತ್ತಾ ಇರುತ್ತೆ. ಊಟದಿಂದ ಹೊಸದಾಗಿ ಒಳಗೆ ಬರೋದು ದಿನಕ್ಕೆ ಬರೀ 1-2 ಮಿಲಿಗ್ರಾಂ. ಈಗ ನಷ್ಟದ ಲೆಕ್ಕ ನೋಡಿ. ಒಂದು ಎಂಎಲ್ ಒಳ್ಳೆ ರಕ್ತದಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತೆ. ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಎಂಎಲ್ ರಕ್ತ ಕಣ್ಣಿಗೆ ಕಾಣದ ಹಾಗೆ ಹೋಗ್ತಾ ಇದ್ದರೆ ಎರಡೂವರೆ ಮಿಲಿಗ್ರಾಂ ಹೋಯ್ತು. ಬರೋದಕ್ಕಿಂತ ಹೋಗೋದು ಜಾಸ್ತಿ. "ತೂತು ಬಿದ್ದ ಕೊಡಕ್ಕೆ ನೀವು ಖರ್ಜೂರ ತುಂಬಿಸ್ತಾ ಇದ್ದೀರಿ" ಅಂದರು. ಬೈದ ಹಾಗಿರಲಿಲ್ಲ, ಮೆತ್ತಗೇ ಹೇಳಿದರು.

ಫೆರಿಟಿನ್ ಅಂತ ಒಂದು ಪರೀಕ್ಷೆ ಮಾಡಿಸಿದರು. ದೇಹ ಕಬ್ಬಿಣವನ್ನು ಕೂಡಿಡೋ ಡಬ್ಬಿ ಅದು. 30ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ. ಅಮ್ಮನದ್ದು 6 ಇತ್ತು.

ಮುಟ್ಟು ನಿಂತ ಹೆಂಗಸರಲ್ಲಿ, ಮತ್ತೆ ಯಾವ ವಯಸ್ಸಿನ ಗಂಡಸರಲ್ಲಾದರೂ ಸರಿ, ಕಬ್ಬಿಣದ ಕೊರತೆಯಿಂದ ರಕ್ತ ಇಳಿದಿದ್ದರೆ ಹೊಟ್ಟೆ ಮತ್ತು ಕರುಳನ್ನು ಒಳಗಿಂದ ನೋಡಲೇಬೇಕು ಅಂತ ಅವರು ಹೇಳಿದರು. ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆ ನೋಡೋ ಎಂಡೋಸ್ಕೋಪಿ, ದೊಡ್ಡ ಕರುಳು ನೋಡೋ ಕೊಲೊನೋಸ್ಕೋಪಿ, ಎರಡೂ ಸ್ಕೋಪಿಗೆ ಬರೆದುಕೊಟ್ಟರು. ಐರನ್ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಿ ಅಂದರು, ಅದರ ಕಪ್ಪು ಕರುಳಿನ ಗೋಡೆಗೆ ಅಂಟಿಕೊಂಡರೆ ಏನೂ ಸರಿಯಾಗಿ ಕಾಣಲ್ಲವಂತೆ. ಹಿಂದಿನ ಸಂಜೆ ಕರುಳು ಖಾಲಿ ಮಾಡೋ ಔಷಧದ ನೀರು ಕುಡಿಯೋದು ಅಮ್ಮನಿಗೆ ಎಲ್ಲಕ್ಕಿಂತ ಕಷ್ಟವಾಯ್ತು. ಪ್ರತಿ ಲೋಟಕ್ಕೂ ಅಣ್ಣ ಎದುರಿಗೆ ಕೂತು "ಇನ್ನೊಂದೇ ಅಮ್ಮ, ಇನ್ನೊಂದೇ" ಅಂತಿದ್ದ.

ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು.

ಹೊಟ್ಟೆನೋವು ಇರಲಿಲ್ಲ, ಮಲಬದ್ಧತೆ ಇರಲಿಲ್ಲ, ರಕ್ತ ಒಂದು ದಿನವೂ ಕಂಡಿರಲಿಲ್ಲ. ಹೇಗೆ ಸಾಧ್ಯ ಅಂತ ನಾನು ಕೇಳಿದೆ. ಬಲಗಡೆ ಕರುಳು ಅಗಲ, ಅಲ್ಲಿ ಮಲ ಇನ್ನೂ ನೀರುನೀರಾಗಿರುತ್ತೆ, ಹಾಗಾಗಿ ಗಡ್ಡೆ ಬೆಳೆದರೂ ಅಡ್ಡ ಆಗಲ್ಲ. ಜಿನುಗೋ ರಕ್ತ ಮಲದಲ್ಲಿ ಬೆರೆತು ಹೋಗುತ್ತೆ. ಬಲಗಡೆಯ ಗಡ್ಡೆ ಎಷ್ಟೋ ಜನರಿಗೆ ಮೊದಲು ಗೊತ್ತಾಗೋದೇ ರಕ್ತ ಇಳಿದಾಗ. ಅಂದರೆ ಅಮ್ಮನ ಕಾಯಿಲೆ ಎಂಟು ತಿಂಗಳಿಂದ ರಿಪೋರ್ಟಿನಲ್ಲಿ ಕೂಗಿ ಹೇಳ್ತಾನೇ ಇತ್ತು, ನಾವು ಅದಕ್ಕೆ ಬೀಟ್‌ರೂಟ್ ತಿನ್ನಿಸ್ತಾ ಇದ್ದೆವು.

ಮುಂದಿನ ಚಿಕಿತ್ಸೆ ಬೆಂಗಳೂರಿನಲ್ಲಿ. ಆಪರೇಷನ್ನಿಗೆ ಮೊದಲು ರಕ್ತ ಏರಿಸಬೇಕು ಅಂದರು. ಒಂದು ಬಾಟಲಿ ರಕ್ತ ಕೊಟ್ಟರು. ಮೂರು ಬಾಟಲಿ ಕೊಟ್ಟು ಬೇಗ ಮುಗಿಸಬಾರದಾ ಅಂತ ಅಣ್ಣ ಕೇಳಿದ. ಬೇರೆ ದಾರಿ ಇದ್ದಾಗ ಬೇಡ ಅಂದರು ಅಲ್ಲಿನ ಡಾಕ್ಟರ್ ಮೇಡಂ. ಕರುಳಿನ ಕ್ಯಾನ್ಸರ್ ಆಪರೇಷನ್ ಹೊತ್ತಿಗೆ ರಕ್ತ ಹಾಕಿಸಿಕೊಂಡವರಲ್ಲಿ ಕಾಯಿಲೆ ಮರಳಿ ಬರೋದು ಸ್ವಲ್ಪ ಜಾಸ್ತಿ ಕಂಡಿದೆಯಂತೆ. ಅದರ ಬದಲು ಕಬ್ಬಿಣವನ್ನೇ ನೇರ ರಕ್ತನಾಳಕ್ಕೆ ಡ್ರಿಪ್ ಹಾಕೋಣ ಅಂದರು. ತೂಕ ಮತ್ತು ಹಿಮೋಗ್ಲೋಬಿನ್ ಇಟ್ಟುಕೊಂಡು ಲೆಕ್ಕ ಹಾಕೋ ಸೂತ್ರ ಇದೆ. ಅಮ್ಮನ 52 ಕೆಜಿಗೆ ಹತ್ತಿರ ಹತ್ತಿರ 1,500 ಮಿಲಿಗ್ರಾಂ ಬೇಕು ಅಂತ ಬಂತು. ಮೊದಲು 1,000, ಒಂದು ವಾರ ಬಿಟ್ಟು 500.

ಇಲ್ಲಿ ಮನೆಯಲ್ಲಿ ದೊಡ್ಡ ಗಲಾಟೆ ಆಯ್ತು. ಚಿಕ್ಕಮ್ಮನ ಮಗ ಒಂದು ವಿಡಿಯೋ ಕಳಿಸಿದ್ದ. ಕಬ್ಬಿಣವೇ ಕ್ಯಾನ್ಸರಿನ ಆಹಾರ, ಕಬ್ಬಿಣ ನಿಲ್ಲಿಸಿದರೆ ಗಡ್ಡೆ ತಾನಾಗೇ ಒಣಗುತ್ತೆ ಅಂತ ಅದರಲ್ಲಿತ್ತು. ಚಿಕ್ಕಮ್ಮ ಅಡುಗೆಮನೆಯಿಂದ ಖರ್ಜೂರದ ಡಬ್ಬಿ ಎತ್ತಿಟ್ಟರು, ಸೊಪ್ಪಿನ ಸಾರು ನಿಂತಿತು, ಕಬ್ಬಿಣದ ಬಾಣಲೆ ಅಟ್ಟ ಸೇರಿತು. ಅಮ್ಮ ಡ್ರಿಪ್ ಬೇಡವೇ ಬೇಡ ಅಂತ ಕೂತಳು. "ಒಳಗಿರೋ ಹುಳಕ್ಕೆ ನಾನೇ ಯಾಕೆ ಅನ್ನ ಹಾಕ್ಲಿ?" ಅಂದಳು. ಪ್ರೀತಿಯಿಂದ ಮಾಡಿದ್ದೇ ಎಲ್ಲರೂ. ಆದರೆ ಹೆದರಿಕೆಯಲ್ಲಿ ಮಾಡಿದ್ದು.

ನಾನು ಮೇಡಂ ಹತ್ತಿರ ಹೋಗಿ ಬಿಡಿಸಿ ಕೇಳಿದೆ. ಅವರು ವಿಡಿಯೋ ಪೂರ್ತಿ ಸುಳ್ಳು ಅನ್ನಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಕ್ಯಾನ್ಸರ್ ಕಣಕ್ಕೆ ಕಬ್ಬಿಣದ ಹಸಿವು ಜಾಸ್ತಿ ಅನ್ನೋದು ನಿಜ. ಒಂದು ಕಣ ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು, ಅದರ ಸಾಮಾನು ತಯಾರಿಸೋ ಒಂದು ಕಿಣ್ವಕ್ಕೆ ಕಬ್ಬಿಣ ಇಲ್ಲದೆ ಕೆಲಸವೇ ನಡೆಯಲ್ಲ. ಅದಕ್ಕೇ ಕ್ಯಾನ್ಸರ್ ಕಣಗಳು ಕಬ್ಬಿಣ ಒಳಗೆ ಬಿಟ್ಟುಕೊಳ್ಳೋ ಬಾಗಿಲುಗಳನ್ನು ಜಾಸ್ತಿ ಮಾಡಿಕೊಳ್ಳುತ್ತವೆ, ಹೊರಗೆ ಕಳಿಸೋ ಬಾಗಿಲನ್ನು ಎಷ್ಟೋ ಸಲ ಮುಚ್ಚಿಕೊಳ್ಳುತ್ತವೆ. ಆದರೆ ಅದೇ ಕಬ್ಬಿಣ ಹೃದಯಕ್ಕೆ ಬೇಕು, ಮೆದುಳಿಗೆ ಬೇಕು, ಗಾಯ ಮಾಯೋಕೆ ಬೇಕು. "ನೀವು ಊಟದಲ್ಲಿ ಕಬ್ಬಿಣ ನಿಲ್ಲಿಸಿದರೆ ಮೊದಲು ಉಪವಾಸ ಬೀಳೋದು ಗಡ್ಡೆ ಅಲ್ಲ, ನಿಮ್ಮಮ್ಮ. ಗಡ್ಡೆಗೆ ಬಾಗಿಲು ಜಾಸ್ತಿ ಇದೆ ಅಂತ ಈಗ ತಾನೇ ಹೇಳಿದ್ನಲ್ಲ, ಇರೋ ಚೂರುಪಾರನ್ನು ಅದೇ ಮೊದಲು ಎಳ್ಕೊಳ್ಳುತ್ತೆ" ಅಂದರು. ಬ್ರಿಟನ್ನಿನಲ್ಲಿ ಕರುಳಿನ ಕ್ಯಾನ್ಸರ್ ಆಪರೇಷನ್ನಿಗೆ ಮೊದಲು ಕೆಲವರಿಗೆ ಮಾತ್ರೆ, ಕೆಲವರಿಗೆ ಡ್ರಿಪ್ ಕೊಟ್ಟು ಐದು ವರ್ಷ ನೋಡಿದ್ದಾರೆ, ಡ್ರಿಪ್ ತಗೊಂಡವರಿಗೆ ಅದರಿಂದ ಕೆಟ್ಟದ್ದೇನೂ ಕಾಣಲಿಲ್ಲ ಅಂತಲೂ ಹೇಳಿದರು.

ಗಡ್ಡೆಗೆ ಬಾಗಿಲು ಜಾಸ್ತಿ ಅನ್ನೋ ಮಾತನ್ನು ನಾನು ಅಮ್ಮನಿಗೆ ಹೇಳಿದ್ದು ನಮ್ಮೂರ ಕೆರೆಯ ಮಾತಿನಲ್ಲಿ. ತೂಬಿನ ಪಕ್ಕ ಯಾರೋ ಕದ್ದು ಕಾಲುವೆ ತೋಡಿಕೊಂಡಿದ್ದಾನೆ ಅಂತ ಇಡೀ ಕೆರೆ ಒಣಗಿಸ್ತೀವಾ, ಆ ಕಾಲುವೆ ಮುಚ್ಚಬೇಕು ತಾನೇ, ಅದನ್ನೇ ಆಪರೇಷನ್ನಿನಲ್ಲಿ ಮಾಡೋದು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹಾಕ್ಸು" ಅಂದಳು.

ಡ್ರಿಪ್ಪಿನ ದಿನ ಪಕ್ಕದಲ್ಲೇ ಕೂತಿದ್ದೆ. ಔಷಧ ನೀರಲ್ಲಿ ಬೆರೆಸಿದಾಗ ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣ ಬಂತು. ಸೂಜಿ ಸರಿಯಾಗಿ ಕೂತಿದೆಯಾ ಅಂತ ನರ್ಸ್ ಮೂರು ಸಲ ನೋಡಿದರು, ಚರ್ಮದ ಕೆಳಗೆ ಸೋರಿದರೆ ಕಂದು ಕಲೆ ವರ್ಷಗಟ್ಟಲೆ ಹೋಗಲ್ಲವಂತೆ. ಹನಿ ಒಂದೊಂದೇ ಇಳಿಯೋದನ್ನು ಅಮ್ಮ ನೋಡ್ತಾ ಇದ್ದಳು. ಅರ್ಧ ಗಂಟೆಯೊಳಗೆ ಮುಗೀತು. ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂರಿಸಿ ಬಿಪಿ ನೋಡಿದರು, ಅಪರೂಪಕ್ಕೆ ಕೆಲವರಿಗೆ ಅಲರ್ಜಿ ಆಗುತ್ತೆ ಅಂತ. ಎಂಟು ತಿಂಗಳ ಮಾತ್ರೆ ಮಾಡದ ಕೆಲಸ ಒಂದು ಬಾಟಲಿಯಲ್ಲಿ ಆಗ್ತಿದೆ ಅನ್ನೋದು ನನಗೆ ನಂಬೋಕೇ ಆಗ್ತಿರಲಿಲ್ಲ.

ಎರಡನೇ ಡ್ರಿಪ್ಪಿಗೆ ಮೊದಲೇ ಒಂದು ಸಂಜೆ ನಮ್ಮ ಬೆಂಗಳೂರಿನ ಮನೆಯಲ್ಲಿ ಅಮ್ಮ ಅಕ್ಕಿ ಆರಿಸೋಕೆ ಕೂತಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಂದು ಕಾಳೂ ಬಾಯಿಗೆ ಹೋಗಲಿಲ್ಲ. "ಅಕ್ಕಿ ತಿನ್ನಲ್ವಾ?" ಅಂದರೆ, "ಥೂ, ಹಸಿ ಅಕ್ಕಿ ಯಾರು ತಿಂತಾರೆ" ಅಂದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮೂರು ವಾರದ ಹೊತ್ತಿಗೆ ಹಿಮೋಗ್ಲೋಬಿನ್ 10.2 ಆಗಿತ್ತು. ಜುಲೈನಲ್ಲಿ ಆಪರೇಷನ್ ಆಯ್ತು, ಕರುಳಿನ ಬಲಭಾಗ ತೆಗೆದು ಉಳಿದದ್ದನ್ನು ಸೇರಿಸಿದರು. ಕರುಳಿನ ಪಕ್ಕದ ಎರಡು ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿತ್ತು, ಹಾಗಾಗಿ ಮೂರನೇ ಹಂತ, ಕೀಮೊ ಬೇಕು ಅಂದರು. ಕರುಳು ತೆಗೆದರೆ ಇನ್ನು ಕಬ್ಬಿಣ ಸೇರುತ್ತಾ ಅಂತ ಅಣ್ಣನಿಗೆ ಚಿಂತೆ. ಕಬ್ಬಿಣ ಸೇರೋದು ಹೊಟ್ಟೆ ದಾಟಿದ ತಕ್ಷಣ ಸಣ್ಣ ಕರುಳಿನ ಶುರುವಿನಲ್ಲಿ, ಆ ಭಾಗ ಹಾಗೇ ಇದೆ.

ಕೀಮೊ ಮೂರು ವಾರಕ್ಕೊಂದರಂತೆ ನಾಲ್ಕು ಸಲ. ತಣ್ಣೀರು ಮುಟ್ಟಿದರೆ ಬೆರಳು ಜುಂ ಅನ್ನೋದು, ಫ್ರಿಜ್ ಬಾಗಿಲು ತೆಗೆಯೋಕೂ ಭಯ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ. ಮೂರನೇ ಸಲಕ್ಕೆ ಮೊದಲು ಒಂದು ರಿಪೋರ್ಟ್ ನಮ್ಮನ್ನು ಪೂರ್ತಿ ಗೊಂದಲಕ್ಕೆ ಬೀಳಿಸಿತು, ಅದನ್ನು ಮಾತ್ರ ಹೇಳಲೇಬೇಕು.

ಹಿಮೋಗ್ಲೋಬಿನ್ ಮತ್ತೆ 9.6ಕ್ಕೆ ಇಳಿದಿತ್ತು. ಫೆರಿಟಿನ್ ಮಾತ್ರ 340. ಡಬ್ಬಿ ತುಂಬಿದೆ, ಕಬ್ಬಿಣ ಬೇಕಾದಷ್ಟಿದೆ, ಮತ್ತೆ ರಕ್ತ ಯಾಕೆ ಇಳೀತು? ಮೇಡಂ ಇನ್ನೊಂದು ಸಂಖ್ಯೆ ತೋರಿಸಿದರು. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗೋ ಗಾಡಿಗಳಲ್ಲಿ ಎಷ್ಟು ಪಾಲು ತುಂಬಿದೆ ಅನ್ನೋ ಲೆಕ್ಕ ಅದು, 20ಕ್ಕಿಂತ ಜಾಸ್ತಿ ಇರಬೇಕು. ಅಮ್ಮನದ್ದು ಶೇಕಡಾ 14.

ನಮ್ಮ ಲಿವರ್ ಹೆಪ್ಸಿಡಿನ್ ಅನ್ನೋ ಒಂದು ಹಾರ್ಮೋನ್ ಬಿಡುತ್ತೆ. 25 ಅಮೈನೋ ಆಮ್ಲಗಳ ಚಿಕ್ಕ ತುಣುಕು, ವಿಜ್ಞಾನಿಗಳಿಗೆ ಅದು ಸಿಕ್ಕಿದ್ದೇ 2000ರ ಆಸುಪಾಸಿನಲ್ಲಿ. ಕಣಗಳಿಂದ ಕಬ್ಬಿಣ ಹೊರಗೆ ಬರೋಕೆ ಇರೋದು ಒಂದೇ ಬಾಗಿಲು, ಈ ಹೆಪ್ಸಿಡಿನ್ ಅದಕ್ಕೆ ಬೀಗ ಹಾಕುತ್ತೆ. ಸೋಂಕು ಬಂದಾಗ ರೋಗಾಣುಗಳಿಗೆ ಕಬ್ಬಿಣ ಸಿಗದಿರಲಿ ಅಂತ ದೇಹ ಮಾಡಿಕೊಂಡ ಏರ್ಪಾಡು. ಆದರೆ ಕ್ಯಾನ್ಸರ್, ಆಪರೇಷನ್, ಕೀಮೊ ಇವುಗಳಿಂದ ಮೈಯಲ್ಲಿ ಉರಿಯೂತ ಇದ್ದಾಗಲೂ ಲಿವರ್ ಅದೇ ಬೀಗ ಹಾಕಿಬಿಡುತ್ತೆ. ರೇಷನ್ ಡಿಪೋದಲ್ಲಿ ಮೂಟೆಗಟ್ಟಲೆ ಅಕ್ಕಿ ಇದೆ, ಬಾಗಿಲು ಹಾಕಿದೆ, ಹೊರಗೆ ಜನ ಚೀಲ ಹಿಡ್ಕೊಂಡು ನಿಂತಿದ್ದಾರೆ, ಹಾಗೆ. ಕರುಳಿನ ಬಾಗಿಲಿಗೂ ಅದೇ ಬೀಗ, ಅದಕ್ಕೇ ಇಂಥ ಹೊತ್ತಲ್ಲಿ ಮಾತ್ರೆ ನುಂಗಿದರೂ ಹೆಚ್ಚು ಪ್ರಯೋಜನ ಇಲ್ಲ. ಫೆರಿಟಿನ್ ಉರಿಯೂತದಲ್ಲಿ ತಾನಾಗೇ ಏರುತ್ತೆ, ಅದೊಂದನ್ನೇ ನೋಡಿ ಕಬ್ಬಿಣ ಸಾಕಷ್ಟಿದೆ ಅನ್ನೋಕೆ ಆಗಲ್ಲ.

ಮತ್ತೆ 500 ಮಿಲಿಗ್ರಾಂ ಡ್ರಿಪ್ ಕೊಟ್ಟರು, ಕೀಮೊ ದಿನ ಬೇಡ ಅಂತ ಬೇರೆ ದಿನ ಇಟ್ಟುಕೊಂಡು. ರಕ್ತ ಏರಿಸೋ ಇಂಜೆಕ್ಷನ್ ಇದೆಯಂತಲ್ಲ, ಕಿಡ್ನಿ ತೊಂದರೆ ಇರೋರಿಗೆ ಕೊಡ್ತಾರಲ್ಲ, ಅದನ್ನು ಕೊಡಿ ಅಂತ ನಾನೇ ಕೇಳಿದೆ. ಪೂರ್ತಿ ಗುಣ ಮಾಡೋ ಉದ್ದೇಶದಿಂದ ಕೀಮೊ ಕೊಡುವಾಗ ಅದನ್ನು ಕೊಡಲ್ಲ ಅಂದರು. ಕೆಲವು ಕ್ಯಾನ್ಸರುಗಳಲ್ಲಿ ಅದರಿಂದ ಗಡ್ಡೆ ಬೆಳೆದದ್ದು ಕಂಡ ಮೇಲೆ ಅಮೆರಿಕದಲ್ಲಿ 2007ರಲ್ಲೇ ಕಟ್ಟೆಚ್ಚರಿಕೆ ಹಾಕಿದ್ದಾರೆ.

ಒಂದು ರಾತ್ರಿ ಅಮ್ಮ ಕೇಳಿದಳು, "ಬಾಡು ತಿಂದಿದ್ದಕ್ಕೆ ಬಂತಾ ಇದು?" ಅವಳು ಮಟನ್ ತಿಂದಿದ್ದು ಮಾರಿಹಬ್ಬಕ್ಕೆ, ಯುಗಾದಿ ಮಾರನೇ ದಿನದ ಹೊಸತೊಡಕಿಗೆ, ನೆಂಟರ ಮನೆ ಬಾಡೂಟಕ್ಕೆ. ಕೆಂಪು ಮಾಂಸದಲ್ಲಿರೋ ಹೀಮ್ ಅನ್ನೋ ಕಬ್ಬಿಣ ಕರುಳಿನ ಗೋಡೆಯನ್ನು ಕೆರಳಿಸುತ್ತೆ ಅನ್ನೋದಕ್ಕೆ ಆಧಾರ ಇದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅನ್ನೋ ಗುಂಪಿಗೂ, ಸಂಸ್ಕರಿಸಿದ ಮಾಂಸವನ್ನು ಖಂಡಿತ ತರಬಲ್ಲದ್ದು ಅನ್ನೋ ಗುಂಪಿಗೂ ಸೇರಿಸಿತು. ಆದರೆ ಅದು ದಿನಾ ತಿನ್ನೋರ ಲೆಕ್ಕ. ವರ್ಷಕ್ಕೆ ಐದಾರು ಸಲ ತಿಂದವಳ ತಲೆ ಮೇಲೆ ಆ ತಪ್ಪು ಹೊರಿಸೋಕೆ ನನಗೆ ಮನಸ್ಸು ಒಪ್ಪಲಿಲ್ಲ. "ಇಲ್ಲಮ್ಮ, ನೀನು ಏನೂ ತಪ್ಪು ಮಾಡಿಲ್ಲ" ಅಂದೆ.

ಕಬ್ಬಿಣ ಜಾಸ್ತಿ ಆದರೂ ಕಷ್ಟವೇ ಅನ್ನೋದನ್ನು ನಾನು ಕಲಿತದ್ದು ಚಿಕ್ಕಪ್ಪನಿಂದ. ಅಮ್ಮನನ್ನು ನೋಡಿ ಹೆದರಿ ಅವರು ಅಂಗಡಿಯಿಂದ ಐರನ್ ಟಾನಿಕ್ ತಂದು ಪರೀಕ್ಷೆ ಇಲ್ಲದೆ ಕುಡಿಯೋಕೆ ಶುರುಮಾಡಿದ್ದರು. ನಮ್ಮ ದೇಹಕ್ಕೆ ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕೋ ದಾರಿಯೇ ಇಲ್ಲ. ಕಣದೊಳಗೆ ಬಿಡುಬೀಸಾಗಿ ಉಳಿದ ಕಬ್ಬಿಣ ಡಿಎನ್‌ಎಗೇ ಪೆಟ್ಟು ಕೊಡೋ ಕಿಡಿಗಳನ್ನು ಹುಟ್ಟಿಸುತ್ತೆ. ಹುಟ್ಟಿನಿಂದಲೇ ಕಬ್ಬಿಣ ಅತಿಯಾಗಿ ಹೀರಿಕೊಳ್ಳೋ ಕಾಯಿಲೆ ಇದೆ, ಯುರೋಪಿನ ಮೂಲದವರಲ್ಲಿ ಜಾಸ್ತಿ, ಅವರಲ್ಲಿ ಲಿವರ್ ಗಟ್ಟಿಯಾಗಿ ಕ್ಯಾನ್ಸರಿಗೆ ತಿರುಗೋ ಅಪಾಯ ಇರುತ್ತೆ. ಚಿಕ್ಕಪ್ಪನ ಫೆರಿಟಿನ್ ಸರಿಯಾಗೇ ಇತ್ತು. ಟಾನಿಕ್ ಬಾಟಲಿ ನಾನೇ ತಗೊಂಡು ಬಂದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯೋ ಗಂಟೆಗಳಲ್ಲಿ ನಾನು ತುಂಬಾ ಓದಿದೆ. ಅದರಲ್ಲಿ ಒಂದು ವಿಷಯ ನನಗೆ ಬಹಳ ಧೈರ್ಯ ಕೊಟ್ಟಿತು. ಕಬ್ಬಿಣ ತುಂಬಿಕೊಂಡ ಕಣದ ಹೊರಪೊರೆಯಲ್ಲಿರೋ ಕೊಬ್ಬು ತುಕ್ಕು ಹಿಡಿದ ಹಾಗೆ ಕೆಟ್ಟು ಕಣವೇ ಸಾಯೋ ಒಂದು ರೀತಿ ಇದೆ. 2012ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಟ್ ಸ್ಟಾಕ್‌ವೆಲ್ ತಂಡ ಇದಕ್ಕೆ ಫೆರೊಪ್ಟೋಸಿಸ್ ಅಂತ ಹೆಸರಿಟ್ಟಿತು. ಮಾಮೂಲು ಕಣಗಳು ಈ ತುಕ್ಕನ್ನು ತಡೆಯೋಕೆ ರಕ್ಷಣೆ ಇಟ್ಟುಕೊಂಡಿರುತ್ತವೆ. ಕ್ಯಾನ್ಸರ್ ಕಣದ ರಕ್ಷಣೆಯನ್ನು ಮುರಿದರೆ ಅದು ಆಸೆಪಟ್ಟು ಕೂಡಿಟ್ಟ ಕಬ್ಬಿಣವೇ ಅದನ್ನು ಸುಡುತ್ತೆ. ಇದನ್ನೇ ಗುರಿ ಮಾಡಿದ ಔಷಧ ಇನ್ನೂ ಪ್ರಯೋಗಾಲಯದ ಕೆಲಸವಾಗೇ ಇದೆ, ಅಮ್ಮನ ಸರದಿಗೆ ಬರಲಿಲ್ಲ. ಆದರೂ ಅಮ್ಮನಿಗೆ ಹೇಳಿದೆ. "ಅತಿ ಆಸೆ ಅಲ್ವಾ" ಅಂದಳು, ಅಷ್ಟೇ.

ಅಕ್ಟೋಬರ್‌ನಲ್ಲಿ ಕೀಮೊ ಮುಗೀತು. ಅಟ್ಟದಿಂದ ಕಬ್ಬಿಣದ ಬಾಣಲೆ ಇಳೀತು. ಈಗ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ತಾಳೆ, ಸೊಪ್ಪಿನ ಕಬ್ಬಿಣ ಹುಳಿ ಜೊತೆಗೆ ಚೆನ್ನಾಗಿ ಸೇರುತ್ತೆ. ಟೀ ಊಟ ಆಗಿ ಒಂದು ಗಂಟೆ ಬಿಟ್ಟು. 2024ರ ಜುಲೈನಲ್ಲಿ ಮತ್ತೆ ಸ್ಕೋಪಿ ಆಯ್ತು, ಕರುಳು ಚೊಕ್ಕಟವಾಗಿತ್ತು. ಹಿಮೋಗ್ಲೋಬಿನ್ 12.4, ಫೆರಿಟಿನ್ 92.

ಆವತ್ತೇ ಮೇಡಂ ನಮ್ಮಿಬ್ಬರ ವಯಸ್ಸು ಕೇಳಿದರು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಕ್ಕಳು 40ಕ್ಕೇ ಸ್ಕೋಪಿ ಮಾಡಿಸಿಕೊಳ್ಳಬೇಕು. ನನಗೆ ಇನ್ನೂ ಸಮಯ ಇತ್ತು, ಅಣ್ಣನಿಗೆ ಆಗಲೇ 41. ತೋಟದ ಕೆಲಸ, ಕೊಬ್ಬರಿ ಸೀಸನ್ನು ಅಂತ ಅವನು ಆರು ತಿಂಗಳು ತಳ್ಳಿದ. ಕೊನೆಗೆ 2025ರ ಜನವರಿಯಲ್ಲಿ ಅಮ್ಮನೇ ಅವನ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, ಆ ಔಷಧದ ನೀರು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಆರು ಮಿಲಿಮೀಟರಿನ ಒಂದು ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು, ಇತ್ತು, ಅಲ್ಲೇ ತೆಗೆದರು. ರಿಪೋರ್ಟ್ ಬಂದಾಗ ಅಮ್ಮ ಅದನ್ನು ನನ್ನ ಕೈಗೆ ಕೊಟ್ಟು, "ಇದೆಲ್ಲ ಇರ್ಲಿ, ಅವನ ಹಿಮೋಗ್ಲೋಬಿನ್ ಎಷ್ಟಿದೆ ನೋಡು ಮೊದ್ಲು" ಅಂದಳು.